ನ್ಯಾಯಾಧೀಶರ ನಡತೆ ಬಗ್ಗೆ ದೂರು ಕೊಡಬಹುದಾ? ಕೊಟ್ಟರೆ ನ್ಯಾಯಾಂಗ ನಿಂದನೆ ಆಗುತ್ತಾ?

ತವರಿನ ಮಗಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಪಿತ್ರಾರ್ಜಿತ ಜಮೀನಿನಲ್ಲಿ ಪಾಲು ಕೇಳಿ ಅಣ್ಣನ ಮೇಲೆ ತಾಲೂಕು ಕೋರ್ಟಿನಲ್ಲಿ ದಾವೆ ಹಾಕಿದ್ದೇನೆ. ಊರು ಯಾವುದು, ಕೋರ್ಟು ಯಾವುದು ಅಂತ ದಯವಿಟ್ಟು ಕೇಳಬೇಡಿ. ಸಾಕ್ಷಿ, ಪಾಟೀಸವಾಲು, ವಾದ ಎಲ್ಲಾ ಮುಗಿದಿದೆ. ತೀರ್ಪಿಗೆ ಇಟ್ಟು ತಿಂಗಳುಗಳೇ ಕಳೆದವು.

ಮೂರು ವಿಷಯ ನನ್ನನ್ನು ಕೊರೆಯುತ್ತಿವೆ.

ಪಾಟೀಸವಾಲಿನ ದಿನ ಎದುರು ವಕೀಲರು ನನ್ನ ಮದುವೆ ಖರ್ಚಿನ ಬಗ್ಗೆ ಕೇಳುತ್ತಿದ್ದರು. ನಡುವೆ ನ್ಯಾಯಾಧೀಶ ಸಾಹೇಬರೇ ಬಾಯಿ ಹಾಕಿ, "ಅಣ್ಣ ಮದುವೆ ಮಾಡಿ ಕಳಿಸಿದ್ದಾನಲ್ಲಮ್ಮ, ಇನ್ನೂ ಏನು ಬೇಕು? ತವರಿನ ಬಾಗಿಲು ನೀನೇ ಮುಚ್ಚಿಕೊಳ್ತಾ ಇದ್ದೀಯ" ಅಂದರು. ಹಾಲ್ ತುಂಬಾ ಜನ ಇದ್ದರು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಹೇಳಿಕೆ ಟೈಪ್ ಮಾಡುತ್ತಿದ್ದ ಹುಡುಗಿ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ಸಾಹೇಬರ ಆ ಮಾತು ಹೇಳಿಕೆಯಲ್ಲಿ ಬರಲಿಲ್ಲ, ನನ್ನ ಉತ್ತರ ಮಾತ್ರ ಬಂತು.

ಎರಡನೆಯದು, ಎದುರು ವಕೀಲರ ಮನೆ ಗೃಹಪ್ರವೇಶಕ್ಕೆ ಸಾಹೇಬರು ಹೋಗಿದ್ದರು. ನನ್ನ ಅಣ್ಣನೂ ಅದೇ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದ. ನಮ್ಮ ಚಿಕ್ಕಪ್ಪನ ಮಗ ಅಲ್ಲಿಗೆ ಹೋಗಿದ್ದವನು ಫೋಟೊ ತೋರಿಸಿದ.

ಮೂರನೆಯದು ತೀರ್ಪಿನ ವಾಯಿದೆ. ಪ್ರತಿ ಸಲ "ಸಿದ್ಧವಿಲ್ಲ" ಅನ್ನುತ್ತಾರೆ. ಈಗ ಮತ್ತೆ "ಹೆಚ್ಚಿನ ವಾದಕ್ಕೆ" ಅಂತ ಹಾಕಿದ್ದಾರೆ.

ನಮ್ಮ ವಕೀಲರನ್ನು ಕೇಳಿದರೆ, "ಸುಮ್ನಿರಿ ಮೇಡಂ, ನಾಳೆ ಬೆಳಗಾದರೆ ನಾನು ಅವರ ಮುಂದೆಯೇ ನಿಲ್ಲಬೇಕು" ಅನ್ನುತ್ತಾರೆ. ದೂರು ಕೊಟ್ಟರೆ ನನ್ನನ್ನೇ ಒಳಗೆ ಹಾಕುತ್ತಾರಾ? ದೂರು ಕೊಡುವುದಾದರೆ ಎಲ್ಲಿಗೆ ಕೊಡಬೇಕು? ತಿಳಿದವರು ಹೇಳಿ.

ನಿವೃತ್ತ ಶಿರಸ್ತೇದಾರ್

ತಾಯಿ, ನಾನು ಕೋರ್ಟಿಗೆ ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದವನು. ನನ್ನ ಇಡೀ ನೌಕರಿ ಇಂಥ ತಾಲೂಕು ಕೋರ್ಟುಗಳಲ್ಲೇ ಕಳೆಯಿತು. ನಿಮ್ಮ ಪ್ರಶ್ನೆ ಓದಿ ಬೇಜಾರಾಯಿತು. ಗೊತ್ತಿರುವುದನ್ನು ಬಿಡಿಸಿ ಹೇಳುತ್ತೇನೆ.

ಮೊದಲು ಆ ಹೆದರಿಕೆ ಬಿಡಿ. 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 6ನೇ ಸೆಕ್ಷನ್ ನಿಮ್ಮಂಥವರಿಗಾಗಿಯೇ ಇದೆ. ಕೆಳ ಕೋರ್ಟಿನ ನ್ಯಾಯಾಧೀಶರ ಬಗ್ಗೆ ಸದುದ್ದೇಶದಿಂದ ಹೈಕೋರ್ಟಿಗೆ ಹೇಳಿಕೊಂಡರೆ ಅದು ನಿಂದನೆ ಆಗುವುದಿಲ್ಲ. ಆದರೆ ಅದೇ ಮಾತನ್ನು ವಾಟ್ಸಾಪ್ ಗುಂಪಿಗೆ ಹಾಕಿದರೆ, ಕರಪತ್ರ ಹಂಚಿದರೆ ಆ ರಕ್ಷಣೆ ಇರುವುದಿಲ್ಲ. ಊರು ಹೇಳುವುದಿಲ್ಲ ಅಂದಿರಲ್ಲ, ಒಳ್ಳೇದು ಮಾಡಿದಿರಿ. ಆ ಫೋಟೊ ಕೂಡ ಯಾರಿಗೂ ಕಳಿಸಬೇಡಿ.

ಇನ್ನೊಂದು ಮಾತು ಮನಸ್ಸಿನಲ್ಲಿರಲಿ. ಆದೇಶ ಬೇರೆ, ನಡತೆ ಬೇರೆ. ಆದೇಶ ತಪ್ಪಾದರೆ ಮೇಲ್ಮನವಿ, ನಡತೆ ತಪ್ಪಾದರೆ ದೂರು. ಹೈಕೋರ್ಟಿಗೆ ಹೋಗುವ ಎಷ್ಟೋ ದೂರುಗಳು ಇಲ್ಲೇ ಎಡವುತ್ತವೆ. "ನಮ್ಮ ದಾಖಲೆ ನೋಡಲಿಲ್ಲ, ಅರ್ಜಿ ವಜಾ ಮಾಡಿದರು" ಅಂತ ಪುಟಗಟ್ಟಲೆ ಬರೆದಿರುತ್ತಾರೆ. ಅದು ಮೇಲ್ಮನವಿಯಲ್ಲಿ ಹೇಳಬೇಕಾದ ಮಾತು. ತೀರ್ಪು ತಪ್ಪು ಅನ್ನುವುದೊಂದನ್ನೇ ಹಿಡಿದು ನ್ಯಾಯಾಧೀಶರ ಮೇಲೆ ಶಿಸ್ತು ಕ್ರಮ ಮಾಡುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. 2019ರಲ್ಲಿ ಬಿಹಾರದ ನ್ಯಾಯಾಧೀಶ ಕೃಷ್ಣ ಪ್ರಸಾದ್ ವರ್ಮಾ ಅವರ ಪ್ರಕರಣದಲ್ಲೂ ಅದನ್ನೇ ಹೇಳಿ ಅವರ ಮೇಲಿನ ಕ್ರಮವನ್ನು ರದ್ದು ಮಾಡಿತು. ಹಾಗಂತ ಆದೇಶದ ಹಿಂದೆ ಅಡಗಿಕೊಳ್ಳಲೂ ಆಗುವುದಿಲ್ಲ. 1993ರ ಕೆ.ಕೆ. ಧವನ್ ಪ್ರಕರಣ ಆದಾಯ ತೆರಿಗೆ ಅಧಿಕಾರಿಯದ್ದು. ನ್ಯಾಯಾಧೀಶರ ಶಿಸ್ತು ಪ್ರಕರಣಗಳಲ್ಲೂ ಅದನ್ನೇ ಎತ್ತಿ ಹೇಳುತ್ತಾರೆ. ಲಂಚ ಇದ್ದರೆ, ಯಾರಿಗೋ ಬೇಕಂತಲೇ ಲಾಭ ಮಾಡಿಕೊಟ್ಟಿದ್ದರೆ, ತೀರಾ ಬೇಜವಾಬ್ದಾರಿಯಿಂದ ನಡೆದುಕೊಂಡಿದ್ದರೆ ಆದೇಶವನ್ನೂ ಕೆದಕಿ ನೋಡಬಹುದು.

ಈಗ ನಿಮ್ಮ ಮೂರು ವಿಷಯಕ್ಕೆ ಬರುತ್ತೇನೆ. ನ್ಯಾಯಾಧೀಶರು ಹೇಗಿರಬೇಕು ಅಂತ ಜಗತ್ತೆಲ್ಲಾ ಇವತ್ತು ಒಪ್ಪುವ ನಿಯಮಗಳಿಗೆ ನಮ್ಮ ಬೆಂಗಳೂರಿನ ಹೆಸರೇ ಇದೆ. ಬೇರೆ ಬೇರೆ ದೇಶದ ಹಿರಿಯ ನ್ಯಾಯಮೂರ್ತಿಗಳು 2001ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಕೂತು ಕರಡು ಮಾಡಿದರು, 2002ರಲ್ಲಿ ಹೇಗ್ ನಗರದಲ್ಲಿ ತಿದ್ದಿ ಮುಗಿಸಿದರು. ಕಕ್ಷಿದಾರರು, ಸಾಕ್ಷಿಗಳು, ವಕೀಲರ ಜೊತೆ ತಾಳ್ಮೆ, ಗೌರವದಿಂದ ನಡೆದುಕೊಳ್ಳಬೇಕು ಅಂತ ಅದರಲ್ಲಿದೆ. ತಮ್ಮ ಕೋರ್ಟಿಗೆ ದಿನಾ ಬರುವ ವಕೀಲರ ಜೊತೆಗಿನ ಒಡನಾಟ ನೋಡಿದವರಿಗೆ ಪಕ್ಷಪಾತದ ಅನುಮಾನ ಬರುವ ಹಾಗೆ ಇರಬಾರದು ಅಂತಲೂ ಇದೆ. ತೀರ್ಪಿಗೆ ಇಟ್ಟ ಕೇಸಿನಲ್ಲಿ ತಡ ಮಾಡದೆ ತೀರ್ಪು ಕೊಡಬೇಕು ಅಂತಲೂ ಇದೆ. ನಿಮ್ಮ ಮೂರು ದೂರೂ ಅದರಲ್ಲೇ ಸಿಗುತ್ತವೆ ನೋಡಿ. ಅದು ನಮ್ಮಲ್ಲಿ ಕಾಯ್ದೆಯಲ್ಲ, ನಿಜ. ಕೆಳ ಕೋರ್ಟಿನ ನ್ಯಾಯಾಧೀಶರನ್ನು ಕಟ್ಟಿಹಾಕುವುದು ನಮ್ಮ ನಡತೆ ನಿಯಮಗಳು ಮತ್ತು ಸಂವಿಧಾನದ 235ನೇ ವಿಧಿ ಹೈಕೋರ್ಟಿಗೆ ಕೊಟ್ಟಿರುವ ಹಿಡಿತ. ಆದರೆ ಅಳೆಯುವ ಕೋಲು ಅದೇ.

ನಿಮಗೆ ಆಡಿದ ಮಾತು ನನಗೆ ತುಂಬಾ ನೋವು ತಂದಿತು. ಹೆಣ್ಣುಮಗಳಿಗೂ ಗಂಡುಮಗನಷ್ಟೇ ಹಕ್ಕು ಅಂತ 2005ರಲ್ಲೇ ಕಾನೂನು ಬಂದಾಗಿದೆ. ಆ ಕಾನೂನನ್ನು ಜಾರಿ ಮಾಡಬೇಕಾದ ಕುರ್ಚಿಯಿಂದ "ಇನ್ನೂ ಏನು ಬೇಕು" ಅನ್ನುವ ಮಾತು ಬರಬಾರದು. ಸಾಕ್ಷಿಯನ್ನು ಬೇರೆಯವರು ಅವಮಾನ ಮಾಡಿದರೆ ತಡೆಯಬೇಕಾದದ್ದೇ ಕೋರ್ಟು. ಸಾಕ್ಷಿಯ ನಡವಳಿಕೆ ಸರಿ ಕಾಣದಿದ್ದರೆ ಅದನ್ನು ಬರೆದಿಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಅವಕಾಶ ಇದೆ. ಬಯ್ಯುವುದಕ್ಕೆ ಅವಕಾಶ ಇಲ್ಲ.

ಗೃಹಪ್ರವೇಶದ ವಿಷಯದಲ್ಲಿ ಸ್ವಲ್ಪ ತಡೆದು ಯೋಚಿಸಿ. ಸಣ್ಣ ಊರು. ವಕೀಲರ ಸಂಘದವರೆಲ್ಲಾ ಕರೆದಾಗ ಹತ್ತು ನಿಮಿಷ ಹೋಗಿ ಅಕ್ಷತೆ ಹಾಕಿ ಬರುವುದು ತಪ್ಪು ಅಂತ ನಾನು ಹೇಳುವುದಿಲ್ಲ. ತೀರ್ಪಿಗೆ ಇಟ್ಟಿರುವ ಕೇಸಿನ ಪ್ರತಿವಾದಿಯ ಜೊತೆ, ಅವನ ವಕೀಲರ ಮನೆಯಲ್ಲಿ ಪಂಕ್ತಿಯಲ್ಲಿ ಕೂತರು ಅನ್ನುವುದು ಬೇರೆ ವಿಷಯ. ಆಗ ಕೇಸು ತೀರ್ಪಿಗೆ ಇತ್ತೋ ಇಲ್ಲವೋ ಅನ್ನುವುದು ಮುಖ್ಯ. ದಿನಾಂಕ ನೋಡಿಕೊಳ್ಳಿ.

ನಾನು ಒಬ್ಬ ಸಾಹೇಬರ ಕೈಕೆಳಗೆ ಕೆಲಸ ಮಾಡಿದ್ದೆ. ಹೊಸದಾಗಿ ವರ್ಗವಾಗಿ ಬಂದು ಬಾಡಿಗೆ ಮನೆ ಹಿಡಿದಿದ್ದರು. ಒಂದು ದಿನ ಕಡತ ನೋಡುವಾಗ ಪ್ರತಿವಾದಿ ಮನೆ ಮಾಲೀಕರ ತಮ್ಮ ಅಂತ ಗೊತ್ತಾಯಿತು. ಕಡತ ಮುಚ್ಚಿ ಪಕ್ಕಕ್ಕಿಟ್ಟರು. ಈ ಕೇಸು ಬೇರೆ ಕೋರ್ಟಿಗೆ ವರ್ಗಾಯಿಸಿ ಅಂತ ಜಿಲ್ಲಾ ನ್ಯಾಯಾಧೀಶರಿಗೆ ಅಂದೇ ಪತ್ರ ಬರೆಸಿದರು. ಆ ಪತ್ರವನ್ನು ಲಕೋಟೆಗೆ ಹಾಕಿ ಅಂಟಿಸಿದವನು ನಾನೇ. ಕಕ್ಷಿದಾರರಿಬ್ಬರಿಗೂ ಈ ವಿಷಯ ಗೊತ್ತೇ ಇರಲಿಲ್ಲ. ಯಾರೂ ಆಕ್ಷೇಪ ಎತ್ತಿರಲಿಲ್ಲ. ಇಂಥವರನ್ನೂ ನೋಡಿದ್ದರಿಂದಲೇ ನಿಮ್ಮ ಸಾಹೇಬರ ನಡತೆ ನನಗೆ ಸಣ್ಣದಾಗಿ ಕಾಣುವುದಿಲ್ಲ.

ತಡದ ವಿಷಯದಲ್ಲಿ ಒಳಗಿನ ಸಂಗತಿ ಒಂದಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 20ನೇ ಆದೇಶದ ಪ್ರಕಾರ ವಾದ ಮುಗಿದು 30 ದಿನದೊಳಗೆ ತೀರ್ಪು ಕೊಡಲು ನೋಡಬೇಕು. ವಿಶೇಷ ಕಾರಣ ಇದ್ದರೆ 60 ದಿನ. ತೀರ್ಪಿಗೆ ಬಾಕಿ ಇರುವ ಕೇಸುಗಳ ಲೆಕ್ಕ ಮೇಲಿನವರಿಗೆ ಹೋಗುತ್ತದೆ. ಆ ಪಟ್ಟಿಯಲ್ಲಿ ಹಳೆ ಕೇಸು ಕಾಣಬಾರದು ಅಂತ ಕೆಲವರು "ಹೆಚ್ಚಿನ ವಾದಕ್ಕೆ", "ಸ್ಪಷ್ಟನೆಗೆ" ಅಂತ ಕೇಸನ್ನು ಮತ್ತೆ ತೆರೆಯುತ್ತಾರೆ. ಒಂದು ವಾಯಿದೆ ಹಾಕಿ, ಏನೂ ಕೇಳದೆ, ಮತ್ತೆ ತೀರ್ಪಿಗೆ ಇಡುತ್ತಾರೆ. ಲೆಕ್ಕ ಹೊಸದಾಗಿ ಶುರುವಾಗುತ್ತದೆ. ನಿಜವಾಗಿಯೂ ಸ್ಪಷ್ಟನೆ ಬೇಕಾಗಿದ್ದರೆ ಏನು ಸ್ಪಷ್ಟನೆ ಅಂತ ಆರ್ಡರ್ ಶೀಟಿನಲ್ಲಿ, ಅಂದರೆ ಪ್ರತಿ ವಾಯಿದೆಗೆ ಏನಾಯಿತು ಅಂತ ಬರೆಯುವ ಹಾಳೆಯಲ್ಲಿ, ಒಂದು ಸಾಲಾದರೂ ಇರುತ್ತದೆ. ಆ ಸಾಲು ಇದೆಯಾ ನೋಡಿ. ನಕಲು ಅರ್ಜಿ ಹಾಕಿ ಆರ್ಡರ್ ಶೀಟಿನ ದೃಢೀಕೃತ ಪ್ರತಿ ತೆಗೆದುಕೊಳ್ಳಿ. ಇ-ಕೋರ್ಟ್ಸ್ ಆ್ಯಪಿನಲ್ಲಿ ನಿಮ್ಮ ಕೇಸಿಗೆ ಕೊಟ್ಟಿರುವ ಸಿಎನ್‌ಆರ್ ನಂಬರ್ ಹಾಕಿದರೂ ಎಲ್ಲಾ ವಾಯಿದೆಗಳು ಕಾಣುತ್ತವೆ. ಆದರೆ ಮುದ್ರೆ ಬಿದ್ದ ಪ್ರತಿಗೆ ಇರುವ ತೂಕ ಅದಕ್ಕಿಲ್ಲ.

ದೂರು ಹೋಗಬೇಕಾದದ್ದು ಬೆಂಗಳೂರಿಗೆ, ಹೈಕೋರ್ಟಿನಲ್ಲಿ ಇಂಥ ದೂರುಗಳನ್ನು ನೋಡುವ ವಿಜಿಲೆನ್ಸ್ ರಿಜಿಸ್ಟ್ರಾರ್ ಅವರಿಗೆ. ಬರೀ ಪತ್ರ ಸಾಲದು. ಪ್ರಮಾಣ ಮಾಡಿದ ಅಫಿಡವಿಟ್ ಮತ್ತು ಪರಿಶೀಲಿಸಬಹುದಾದ ಆಧಾರ ಎರಡೂ ಇಲ್ಲದಿದ್ದರೆ ಕೆಳ ಕೋರ್ಟಿನವರ ಮೇಲಿನ ದೂರನ್ನು ಕೈಗೆತ್ತಿಕೊಳ್ಳಬಾರದು ಅಂತ 2014ರ ಅಕ್ಟೋಬರಿನಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳು ಎಲ್ಲಾ ಹೈಕೋರ್ಟುಗಳಿಗೆ ಬರೆದಿದ್ದಾರೆ. ಹೆಸರಿಲ್ಲದ ಮೂಗರ್ಜಿಗೆ ಬೆಲೆ ಇಲ್ಲ. ದೂರಿನಲ್ಲಿ ಹುರುಳಿದೆ ಅನ್ನಿಸಿದರೆ ಮೊದಲು ಗುಪ್ತವಾಗಿ ವಿಚಾರಿಸುತ್ತಾರೆ. ಆಮೇಲೆ ಆರೋಪ ಪಟ್ಟಿ, ಇಲಾಖಾ ವಿಚಾರಣೆ. ಶಿಕ್ಷೆ ವಾಗ್ದಂಡನೆಯಿಂದ ಹಿಡಿದು ಬಡ್ತಿ, ಇನ್‌ಕ್ರಿಮೆಂಟ್ ತಡೆ, ಕಡ್ಡಾಯ ನಿವೃತ್ತಿ, ವಜಾವರೆಗೂ ಹೋಗಬಹುದು.

ಆ ಮೂಗರ್ಜಿಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಸುಮ್ಮಸುಮ್ಮನೆ ವಾಯಿದೆ ಕೊಡದ ಕಟ್ಟುನಿಟ್ಟಿನ ಸಾಹೇಬರ ಮೇಲೆ ಬರುವಷ್ಟು ಅರ್ಜಿಗಳು ಮೈಗಳ್ಳರ ಮೇಲೆ ಬರುವುದನ್ನು ನಾನು ಕಂಡಿಲ್ಲ. ಬಂದ ಅರ್ಜಿಗೆಲ್ಲಾ ವಿವರಣೆ ಬರೆಯುತ್ತಾ ಕೂತು, ಮಾರನೇ ದಿನ ಬೆಂಚಿನ ಮೇಲೆ ಕೈ ನಡುಗಿಸಿಕೊಂಡು ಕೂತವರನ್ನು ಹತ್ತಿರದಿಂದ ನೋಡಿದ್ದೇನೆ. 1988ರಲ್ಲಿ ನ್ಯಾಯಾಧೀಶ ಈಶ್ವರ್ ಚಂದ್ ಜೈನ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಪ್ರಾಮಾಣಿಕ ಅಧಿಕಾರಿಗಳನ್ನು ಇಂಥ ದೂರುಗಳಿಂದ ಕಾಪಾಡುವುದೂ ಹೈಕೋರ್ಟಿನ ಹೊಣೆ. ಅದಕ್ಕೇ ಕೇಳಿಕೊಳ್ಳುತ್ತೇನೆ ತಾಯಿ, ಕಂಡದ್ದನ್ನು ಕಂಡಷ್ಟೇ ಬರೆಯಿರಿ.

ತಾಲೂಕು ವಕೀಲ

ಶಿರಸ್ತೇದಾರ್ ಸಾಹೇಬರು ಹೇಳಿದ್ದು ಸರಿ. ಆದರೆ ಮೇಡಂ, ಯಾವಾಗ ಏನು ಮಾಡಬೇಕು ಅನ್ನುವುದರಲ್ಲಿ ನನ್ನದು ಸ್ವಲ್ಪ ಬೇರೆ ಲೆಕ್ಕ.

ನಿಮಗೆ ಮೊದಲು ಬೇಕಾಗಿರುವುದು ತೀರ್ಪು. ವಿಜಿಲೆನ್ಸ್ ದೂರಿನಿಂದ ನಿಮ್ಮ ಕೇಸು ಒಂದು ಇಂಚೂ ಮುಂದೆ ಹೋಗುವುದಿಲ್ಲ. ಅದು ಅಧಿಕಾರಿಯ ಮೇಲಿನ ಕ್ರಮ, ನಿಮ್ಮ ದಾವೆಗೆ ಪರಿಹಾರ ಅಲ್ಲ. ಹಾಗಾಗಿ ಮೊದಲು ಒಂದು ಮೆಮೊ ಹಾಕಿಸಿ. ವಾದ ಇಂಥ ದಿನ ಮುಗಿದಿದೆ, ನಮ್ಮ ಕಡೆಯಿಂದ ಹೆಚ್ಚಿನ ವಾದ ಇಲ್ಲ, ತೀರ್ಪು ಕೊಡಬೇಕು. ಇಷ್ಟೇ, ಎರಡು ಸಾಲು. ಇಷ್ಟಕ್ಕೆ ನಿಮ್ಮ ವಕೀಲರು ಹೆದರಬೇಕಾಗಿಲ್ಲ. ಆ ಮೆಮೊ ಕಡತದಲ್ಲಿ ಸೇರಿದ ಮೇಲೆ ಮತ್ತೆ ಸುಮ್ಮನೆ ಮುಂದೂಡುವುದು ಕಷ್ಟ.

ನಿಜವಾಗಿಯೂ ಪಕ್ಷಪಾತ ಇದೆ ಅನ್ನಿಸಿದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೇ ಸೆಕ್ಷನ್ ಪ್ರಕಾರ ಕೇಸು ವರ್ಗಾಯಿಸಿ ಅಂತ ಜಿಲ್ಲಾ ಕೋರ್ಟಿಗೆ ಅರ್ಜಿ ಹಾಕಬಹುದು. ಅಲ್ಲಿ ಎದುರು ಪಕ್ಷಕ್ಕೆ ನೋಟಿಸ್ ಹೋಗುತ್ತದೆ, ಸಾಹೇಬರ ಅಭಿಪ್ರಾಯ ಕೇಳುವುದೂ ಉಂಟು. ಆದರೆ ವಾದ ಪೂರ್ತಿ ಮುಗಿದ ಮೇಲೆ ವರ್ಗಾವಣೆ ಕೇಳಿದರೆ "ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ?" ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ವರ್ಗಾವಣೆ ಆಯಿತು ಅಂದುಕೊಳ್ಳಿ, ಹೊಸ ಸಾಹೇಬರ ಮುಂದೆ ಮತ್ತೆ ವಾದ ಮಾಡಬೇಕು. ಅದಕ್ಕೆ ತಯಾರಿದ್ದರೆ ಮಾತ್ರ ಆ ದಾರಿ ಹಿಡಿಯಿರಿ.

ಇನ್ನೊಂದು. ಮುಂದಿನ ವಾಯಿದೆಗೆ ಹೋದಾಗ ಯಾರೋ ಹೇಳಿದರು ಅಂತ ಮೊಬೈಲಿನಲ್ಲಿ ಕಲಾಪ ರೆಕಾರ್ಡ್ ಮಾಡಬೇಡಿ. ಅನುಮತಿ ಇಲ್ಲದೆ ಮಾಡಿದರೆ ತಪ್ಪು ನಿಮ್ಮ ತಲೆಗೇ ಬರುತ್ತದೆ. ಆ ದಿನ ಹಾಲ್‌ನಲ್ಲಿ ಇದ್ದವರು ಯಾರಾದರೂ ತಾವು ಕೇಳಿದ್ದನ್ನು ಅಫಿಡವಿಟ್ ಮಾಡಿ ಕೊಟ್ಟರೆ ಅದೇ ದೊಡ್ಡದು.

ನಿಮ್ಮ ವಕೀಲರ ಮೇಲೆ ಸಿಟ್ಟಾಗಬೇಡಿ. ನಮ್ಮಂಥ ಊರುಗಳಲ್ಲಿ ಒಂದೋ ಎರಡೋ ಕೋರ್ಟು. ದಿನದ ಎಲ್ಲಾ ಕೇಸೂ ಅದೇ ಸಾಹೇಬರ ಮುಂದೆ. ಒಬ್ಬ ಕಕ್ಷಿದಾರರಿಗಾಗಿ ನೂರು ಕಕ್ಷಿದಾರರ ಕೆಲಸ ಕೆಡುತ್ತದೇನೋ ಅನ್ನುವ ಅಳುಕು ಅವರಿಗಿರುತ್ತದೆ. ಈ ಅಳುಕು ಇರಬಾರದು ಅನ್ನುವುದು ನನ್ನ ಆಸೆ ಕೂಡ. ವಕೀಲರ ಸಂಘದವರು ಒಟ್ಟಾಗಿ ಹೋಗಿ ಜಿಲ್ಲಾ ನ್ಯಾಯಾಧೀಶರಿಗೆ ಮರ್ಯಾದೆಯಿಂದ ಹೇಳಿದರೆ ಅದರ ತೂಕವೇ ಬೇರೆ.

ಕಾನೂನು ವಿದ್ಯಾರ್ಥಿನಿ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಹೆಣ್ಣುಮಕ್ಕಳ ಬಗ್ಗೆ ಕೋರ್ಟಿನಲ್ಲಿ ಹಳೇ ಕಾಲದ ಮಾತು, ಪದ ಬಳಸಬಾರದು ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ನ್ಯಾಯಾಧೀಶರಿಗಾಗಿಯೇ ಒಂದು ಕೈಪಿಡಿ ಹೊರತಂದಿದೆ. ಅಕ್ಕ ದೂರಿನಲ್ಲಿ ಅದನ್ನೂ ಉಲ್ಲೇಖಿಸಬಹುದು.

ನನ್ನದೊಂದು ಪ್ರಶ್ನೆ. ಕೆಳಗಿನವರಿಗೆ ವಾಗ್ದಂಡನೆ, ಇನ್‌ಕ್ರಿಮೆಂಟ್ ತಡೆ ಎಲ್ಲಾ ಇದೆ. ಹೈಕೋರ್ಟ್, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳು ಹೀಗೆ ಮಾಡಿದರೆ? 1997ರಲ್ಲಿ ಸುಪ್ರೀಂ ಕೋರ್ಟೇ ಒಪ್ಪಿಕೊಂಡ ಹದಿನಾರು ಅಂಶಗಳ ಸಂಹಿತೆ ಓದಿದೆ. ತಮ್ಮದೇ ಕೋರ್ಟಿನ ವಕೀಲರ ಜೊತೆ ಆಪ್ತ ಒಡನಾಟ ಬೇಡ, ವಕೀಲರಾಗಿರುವ ಹತ್ತಿರದ ಸಂಬಂಧಿಕರು ತಮ್ಮ ಮುಂದೆ ವಾದಿಸಬಾರದು, ಷೇರು ಸಟ್ಟಾ ಬೇಡ, ಮನೆಯವರು, ಸಂಬಂಧಿಕರು, ಸ್ನೇಹಿತರನ್ನು ಬಿಟ್ಟು ಬೇರೆಯವರಿಂದ ಉಡುಗೊರೆ ಬೇಡ, ಮಾಧ್ಯಮಕ್ಕೆ ಸಂದರ್ಶನ ಬೇಡ. ಎಷ್ಟು ಚೆನ್ನಾಗಿದೆ! ಆದರೆ ಮುರಿದರೆ ಏನು ಶಿಕ್ಷೆ ಅಂತ ಅದರಲ್ಲಿ ಒಂದು ಸಾಲೂ ಇಲ್ಲ.

ನಿವೃತ್ತ ಶಿರಸ್ತೇದಾರ್

ಒಳ್ಳೇ ಪ್ರಶ್ನೆ ಮಗಳೇ. ಮೇಲಿನವರಿಗೆ ನಡುವಿನ ಮೆಟ್ಟಿಲುಗಳೇ ಇಲ್ಲ. ಸಂಸತ್ತು ಪದಚ್ಯುತಿ ಮಾಡಬೇಕು. ಅದಕ್ಕೆ ಲೋಕಸಭೆಯ 100 ಸದಸ್ಯರು ಅಥವಾ ರಾಜ್ಯಸಭೆಯ 50 ಸದಸ್ಯರು ಸಹಿ ಹಾಕಬೇಕು, 1968ರ ನ್ಯಾಯಾಧೀಶರ ವಿಚಾರಣಾ ಕಾಯ್ದೆಯ ಪ್ರಕಾರ ಮೂವರ ಸಮಿತಿ ವಿಚಾರಣೆ ಮಾಡಬೇಕು, ಎರಡೂ ಸದನದಲ್ಲಿ ಮೂರನೇ ಎರಡು ಬಹುಮತ ಬೇಕು. 1993ರಲ್ಲಿ ನ್ಯಾಯಮೂರ್ತಿ ವಿ. ರಾಮಸ್ವಾಮಿ ಅವರ ವಿಷಯದಲ್ಲಿ ಸಮಿತಿ ಆರೋಪ ಒಪ್ಪಿತ್ತು. ಲೋಕಸಭೆಯಲ್ಲಿ 196 ಜನ ಪರವಾಗಿ ಮತ ಹಾಕಿದರು, 205 ಜನ ಮತ ಹಾಕದೆ ಕೂತರು. ನಿರ್ಣಯ ಬಿದ್ದು ಹೋಯಿತು. 2011ರಲ್ಲಿ ನ್ಯಾಯಮೂರ್ತಿ ಸೌಮಿತ್ರ ಸೇನ್ ಅವರ ವಿರುದ್ಧ ರಾಜ್ಯಸಭೆ ನಿರ್ಣಯ ಒಪ್ಪಿತು. ಲೋಕಸಭೆಗೆ ಬರುವ ಮೊದಲೇ ಅವರು ರಾಜೀನಾಮೆ ಕೊಟ್ಟರು. ಇದರ ಜೊತೆಗೆ 1999ರಿಂದ ಸುಪ್ರೀಂ ಕೋರ್ಟಿನದೇ ಒಂದು ಆಂತರಿಕ ವಿಚಾರಣೆ ಪದ್ಧತಿ ಇದೆ. ಅದರಲ್ಲಿ ತಪ್ಪು ಗಂಭೀರ ಅಂತ ಕಂಡರೆ ರಾಜೀನಾಮೆ ಕೊಡಿ ಅನ್ನಬಹುದು, ಕೆಲಸ ಹಂಚದೆ ಇರಬಹುದು. ಕುರ್ಚಿಯಿಂದ ಇಳಿಸಲು ಆಗುವುದಿಲ್ಲ.

ಮೇಲಿನವರ ಸ್ವಾತಂತ್ರ್ಯ ಕಾಪಾಡಬೇಕು, ಸರ್ಕಾರದ ಕೈಗೆ ಅವರ ಜುಟ್ಟು ಸಿಗಬಾರದು. ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಒರಟು ಮಾತಿಗೆ ಒಂದು ಎಚ್ಚರಿಕೆ, ತಡಕ್ಕೆ ಒಂದು ಸಮಜಾಯಿಷಿ ಕೇಳುವ ಸಣ್ಣ ವ್ಯವಸ್ಥೆಯಾದರೂ ನಿಯಮವಾಗಿ ಬರಬೇಕು. ಅದು ನ್ಯಾಯಾಂಗದ ಒಳಗೇ ಇರಲಿ, ಬೇರೆಯವರ ಕೈಗೆ ಬೇಡ. ತಾಲೂಕಿನ ಕಿರಿಯ ನ್ಯಾಯಾಧೀಶರೊಬ್ಬರು ಕಕ್ಷಿದಾರರಿಗೆ ಬೈದರೆ ವಿವರಣೆ ಬರೆಯುತ್ತಾರೆ. ಮೇಲೆ ಕೂತವರೂ ಬರೆಯಬೇಕು.

ತವರಿನ ಮಗಳು

ಎಲ್ಲರಿಗೂ ಕೈ ಮುಗಿದೆ. ಆರ್ಡರ್ ಶೀಟ್ ನಕಲಿಗೆ ಅರ್ಜಿ ಹಾಕಿದೆ. ನಮ್ಮ ವಕೀಲರು ಮೆಮೊ ಹಾಕಲು ಒಪ್ಪಿದರು, "ಇದರಲ್ಲಿ ಹೆದರುವಂಥದ್ದೇನಿಲ್ಲ" ಅಂತ ಈಗ ಅವರೇ ಹೇಳುತ್ತಿದ್ದಾರೆ. ಕ್ಯಾಲೆಂಡರ್ ತೆಗೆದು ನೋಡಿದೆ. ಗೃಹಪ್ರವೇಶ ಆಗಿದ್ದು ಕೇಸು ತೀರ್ಪಿಗೆ ಇಟ್ಟ ಮೇಲೆಯೇ.

ಮೆಮೊ ಹಾಕಿಯೂ ತೀರ್ಪು ಬರದಿದ್ದರೆ ದೂರು ಕೊಡುತ್ತೇನೆ. ತೀರ್ಪು ಬಂದರೂ ಆ ಮಾತಿನ ಬಗ್ಗೆ ಮಾತ್ರ ಕೊಡಲೇಬೇಕು ಅನ್ನಿಸುತ್ತಿದೆ. ನಾಳೆ ಇನ್ನೊಬ್ಬಳು ಹೆಣ್ಣುಮಗಳು ಅದೇ ಕಟಕಟೆಯಲ್ಲಿ ನಿಲ್ಲುತ್ತಾಳಲ್ಲ. ಒಂದು ಅನುಮಾನ ಸರ್. ಅಣ್ಣ ಸಾಹೇಬರಿಗೆ ದುಡ್ಡು ಕೊಟ್ಟಿದ್ದಾನೆ ಅಂತ ಊರಲ್ಲಿ ಒಂದಿಬ್ಬರು ಹೇಳುತ್ತಾರೆ. ಅದನ್ನೂ ಬರೆಯಬಹುದಾ?

ನಿವೃತ್ತ ಶಿರಸ್ತೇದಾರ್

ಬೇಡ ತಾಯಿ. ನೀವು ನೋಡಿಲ್ಲ, ಹೇಳಿದವರು ಅಫಿಡವಿಟ್‌ಗೆ ಸಹಿ ಹಾಕುವುದಿಲ್ಲ. ಆ ಒಂದು ಸಾಲು ಸೇರಿದರೆ ಉಳಿದ ನಿಜವೂ ಮಾಸಿ ಹೋಗುತ್ತದೆ. ಅದು ಸುಳ್ಳಾಗಿದ್ದರೆ ಒಬ್ಬ ಮನುಷ್ಯನ ಹೆಸರಿಗೆ ಹತ್ತಿದ ಮಸಿ ಮತ್ತೆ ಹೋಗುವುದಿಲ್ಲ.

ನಿಮಗೆ ಆಡಿದ ಮಾತನ್ನು ಅವರು ಆಡಿದ ಹಾಗೇ ಬರೆಯಿರಿ, ಒಂದು ಪದ ಹೆಚ್ಚೂ ಬೇಡ ಕಡಿಮೆಯೂ ಬೇಡ. ಯಾವ ದಿನ, ಬೆಳಗಿನ ಕಲಾಪವೋ ಮಧ್ಯಾಹ್ನದ್ದೋ, ಯಾರ ಪಾಟೀಸವಾಲು ನಡೆಯುತ್ತಿತ್ತು ಅಂತ ಬರೆಯಿರಿ. ಗೃಹಪ್ರವೇಶದ ವಿಷಯ ನಿಮ್ಮ ಅಫಿಡವಿಟ್‌ನಲ್ಲಿ ಬೇಡ. ಕಣ್ಣಾರೆ ಕಂಡವನು ನಿಮ್ಮ ಚಿಕ್ಕಪ್ಪನ ಮಗ. ಅವನೇ ಬೇರೆ ಅಫಿಡವಿಟ್ ಮಾಡಲಿ, ಫೋಟೊ ತೆಗೆದ ಫೋನನ್ನು ಹಾಗೇ ಜೋಪಾನವಾಗಿ ಇಟ್ಟುಕೊಂಡಿರಲಿ. ಆರ್ಡರ್ ಶೀಟಿನ ನಕಲನ್ನು ಅನುಬಂಧವಾಗಿ ಹಚ್ಚಿ, ತಲುಪಿದ್ದಕ್ಕೆ ದಾಖಲೆ ಸಿಗುವ ಹಾಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ನಕಲು ಬಂದ ಮೇಲೆ "ಹೆಚ್ಚಿನ ವಾದಕ್ಕೆ" ಅಂತ ಬರೆದ ದಿನದ ಕೆಳಗೆ ಕಾರಣ ಏನಾದರೂ ಇದೆಯಾ ಅಂತ ನೋಡಿ ಇಲ್ಲೇ ಹೇಳಿ. ದೂರನ್ನು ಹೇಗೆ ಬರೆಯಬೇಕು ಅನ್ನುವುದು ಅದರ ಮೇಲೆ ನಿಂತಿದೆ.